ಬೇಟೆಬಿಲ್ಲು ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗಬಹುದು? ಹೊಸದು ತಗೊಳ್ಳಲಾ, ಕಾಯಲಾ?

ಹಳೇಹೆದೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಸುಮಾರು ಹತ್ತು ವರ್ಷ ಹಳೆಯ ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ಗಾಲಿ ಇರುವಂಥದ್ದು. ಒಂದು ಗಾಲಿಯ ಆಕ್ಸಲ್‌ನಿಂದ ಇನ್ನೊಂದರದ್ದಕ್ಕೆ 33 ಇಂಚು, ಎಳೆತ 65 ಪೌಂಡ್, ಲೆಟ್-ಆಫ್ (ಪೂರ್ತಿ ಎಳೆದು ಹಿಡಿದಾಗ ಕೈಗೆ ಕಡಿಮೆಯಾಗುವ ಭಾರ) 75 ಪರ್ಸೆಂಟ್. ಚೆನ್ನಾಗೇ ಇದೆ, ದೂರು ಏನಿಲ್ಲ. ಆದರೆ ಪ್ರತಿ ವರ್ಷ ಹೊಸ ಮಾಡೆಲ್ ಬಂದಾಗ "ಹಿಂದಿನದಕ್ಕಿಂತ ವೇಗ, ಹಿಂದಿನದಕ್ಕಿಂತ ಸದ್ದು ಕಡಿಮೆ" ಅಂತ ಅದೇ ಮಾತು. ಹತ್ತು ವರ್ಷದಿಂದ ಪ್ರತಿ ಸಲವೂ ಅಷ್ಟು ಸುಧಾರಿಸಿದ್ದರೆ ಈ ಹೊತ್ತಿಗೆ ಬಾಣ ಕಣ್ಣಿಗೇ ಕಾಣಬಾರದಿತ್ತು, ಅಲ್ವಾ?

ನಿಜವಾಗಿ ಏನು ಬದಲಾಗುತ್ತಿದೆ, ಮುಂದೆ ಏನು ಬದಲಾಗಬಹುದು ಅಂತ ಗೊತ್ತಿರುವವರು ಹೇಳಿ. ವೇಗ ಇನ್ನೂ ಏರುತ್ತದಾ? ಎಲ್ಲ ರೈಸರ್‌ಗಳೂ (ಹಿಡಿಕೆ ಇರುವ ನಡುಭಾಗ) ಕಾರ್ಬನ್ ಆಗಿಬಿಡುತ್ತವಾ? ದೂರ ಅಳೆದು ತಾನೇ ಪಿನ್ (ಗುರಿಯ ಚುಕ್ಕಿ) ತೋರಿಸುವ ಸೈಟ್‌ಗಳು, ಅಂದರೆ ಗುರಿ ಹಿಡಿಯುವ ಸಾಧನಗಳು, ಬಂದಿವೆಯಲ್ಲ, ಮುಂದೆ ಅದೇ ಮಾಮೂಲಿ ಆಗುತ್ತದಾ? ಎರಡು ಮೂರು ವರ್ಷ ಕಾದರೆ ಲಾಭ ಇದೆಯಾ ಅನ್ನುವುದು ನನ್ನ ಸ್ವಂತ ಪ್ರಶ್ನೆ. ಆದರೆ ಚರ್ಚೆ ಅದಕ್ಕಷ್ಟೇ ಸೀಮಿತ ಆಗಬೇಕಿಲ್ಲ.

ಲೆಕ್ಕದಮೇಷ್ಟ್ರು:

ವೇಗದ ವಿಷಯ ಮೊದಲು ಮುಗಿಸೋಣ, ಅದಕ್ಕೆ ಲೆಕ್ಕ ಇದೆ.

ಜಾಹೀರಾತಿನಲ್ಲಿ ಕಾಣುವ ಐಬಿಒ ವೇಗ (ಅಮೆರಿಕದ ಒಂದು ಬಿಲ್ಲುಬೇಟೆ ಸಂಸ್ಥೆಯ ಹೆಸರಿನ ಅಳತೆ) ಅಂದರೆ 70 ಪೌಂಡ್ ಎಳೆತ, 30 ಇಂಚು ಡ್ರಾ (ಹೆದೆ ಎಳೆಯುವ ಉದ್ದ), 350 ಗ್ರೇನ್, ಅಂದರೆ ಸುಮಾರು 23 ಗ್ರಾಂ, ತೂಕದ ಬಾಣ. ಬ್ರೇಸ್ ಹೈಟ್, ಅಂದರೆ ಬಿಲ್ಲು ಸುಮ್ಮನಿದ್ದಾಗ ಹಿಡಿಕೆಗೂ ಹೆದೆಗೂ ಇರುವ ಅಂತರ, 6 ಇಂಚು ಅಂತ ಇಟ್ಟುಕೊಳ್ಳಿ. ಡ್ರಾ ಉದ್ದ ಹೇಳುವಾಗ ಹಿಡಿಕೆಯಿಂದ ಮುಂದಿನ 1.75 ಇಂಚನ್ನೂ ಸೇರಿಸಿ ಹೇಳುತ್ತಾರೆ. ಇವೆರಡನ್ನೂ ಕಳೆದರೆ ಹೆದೆ ಬಾಣವನ್ನು ತಳ್ಳುವ ದೂರ 22.25 ಇಂಚು.

ಈಗ ಎಲ್ಲೂ ಇರಲಾರದ ಒಂದು ಬಿಲ್ಲನ್ನು ಕಲ್ಪಿಸಿಕೊಳ್ಳಿ. ಎಳೆಯಲು ಶುರು ಮಾಡಿದ ಕ್ಷಣಕ್ಕೇ ಪೂರ್ತಿ 70 ಪೌಂಡ್, ಕೊನೆವರೆಗೂ ಅದೇ 70. ಘರ್ಷಣೆ ಇಲ್ಲ, ನಷ್ಟ ಇಲ್ಲ. ಅದರಲ್ಲಿ ತುಂಬುವ ಶಕ್ತಿ ಸುಮಾರು 130 ಫುಟ್-ಪೌಂಡ್. ಅಷ್ಟನ್ನೂ ಆ 350 ಗ್ರೇನ್ ಬಾಣಕ್ಕೆ ಕೊಟ್ಟರೆ ಸೆಕೆಂಡಿಗೆ 409 ಅಡಿ. ಯಾವ ಕಂಪನಿ ಯಾವ ಕ್ಯಾಮ್ (ಬಿಲ್ಲಿನ ತುದಿಯ ಗಾಲಿ) ಕೊರೆದರೂ ಈ ಅಳತೆಗಳಲ್ಲಿ ಇದನ್ನು ದಾಟಲು ಆಗುವುದಿಲ್ಲ.

ಇವತ್ತಿನ ಒಳ್ಳೆಯ ಬೇಟೆಬಿಲ್ಲು 340 ಅಡಿ ಕೊಡುತ್ತದೆ. ಅಂದರೆ 130ರಲ್ಲಿ 90 ಫುಟ್-ಪೌಂಡ್ ಈಗಾಗಲೇ ಬಾಣಕ್ಕೆ ಸಿಗುತ್ತಿದೆ. ಉಳಿದ 40 ಎಲ್ಲಿ ಹೋಯಿತು? ಶುರುವಿನಲ್ಲಿ ಎಳೆತ ಮೆಲ್ಲಗೆ ಏರುವುದರಲ್ಲಿ, ಕೊನೆಯಲ್ಲಿ ಲೆಟ್-ಆಫ್‌ಗಾಗಿ ಇಳಿಯುವುದರಲ್ಲಿ, ಹೆದೆ ಮತ್ತು ಕ್ಯಾಮ್‌ಗಳನ್ನು ಓಡಿಸುವುದರಲ್ಲಿ, ಚೂರುಪಾರು ಘರ್ಷಣೆಯಲ್ಲಿ. ಮೊದಲ ಎರಡನ್ನು ಕಿತ್ತುಕೊಂಡರೆ ಬಿಲ್ಲು ಎಳೆಯುವವನ ಭುಜ ಹೋಗುತ್ತದೆ. ಸೆಕೆಂಡಿಗೆ 360, 370 ಅಡಿ ಅಂತ ಹೇಳಿಕೊಂಡ ಬಿಲ್ಲುಗಳು ಬಂದಿವೆ, ಇಲ್ಲ ಅಂತಲ್ಲ. ಅವನ್ನು ಚಳಿಯಲ್ಲಿ ಎರಡು ಗಂಟೆ ಅಲುಗಾಡದೆ ಕೂತು ಆಮೇಲೆ ಸದ್ದಿಲ್ಲದೆ ಎಳೆದು ನೋಡಿ, ಯಾಕೆ ಜನಪ್ರಿಯ ಆಗಲಿಲ್ಲ ಅಂತ ಗೊತ್ತಾಗುತ್ತದೆ. ಬ್ರೇಸ್ ಹೈಟ್ ಇನ್ನೂ ಕಡಿಮೆ ಮಾಡಿಯೂ ವೇಗ ಗಿಟ್ಟಿಸಬಹುದು, ಆದರೆ ಆಗ ಹಿಡಿಕೆಯಲ್ಲಿ ಕೈ ಸ್ವಲ್ಪ ತಿರುಗಿದರೂ ಬಾಣ ಪಕ್ಕಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಬೇಟೆಗೆ ಯಾರೂ 350 ಗ್ರೇನ್ ಬಾಣ ಹಾಕುವುದಿಲ್ಲ. ಡ್ರಾ ಒಂದು ಇಂಚು ಕಡಿಮೆ ಆದರೆ ಸುಮಾರು 10 ಅಡಿ ಹೋಯಿತು, ಬಾಣ 3 ಗ್ರೇನ್ ಜಾಸ್ತಿಯಾದರೆ ಸುಮಾರು 1 ಅಡಿ ಹೋಯಿತು. 28 ಇಂಚು ಡ್ರಾ ಇರುವವರು 450 ಗ್ರೇನ್ ಬಾಣ ಹಾಕಿದರೆ ಆ 340ರ ಬಿಲ್ಲಿನಿಂದ ಬರುವುದು 285ರ ಆಸುಪಾಸು. ಹಾಗಾಗಿ ಮುಂದಿನ ಹತ್ತು ವರ್ಷದಲ್ಲಿ ಐದು ಹತ್ತು ಅಡಿ ಏರಬಹುದು. ಅದಕ್ಕಾಗಿ ಕಾಯುವುದು ದಂಡ.

ಕ್ಯಾಮ್‌ಕೀಲಿ:

ಮೇಷ್ಟ್ರು ಹೇಳಿದ್ದು ಸರಿ. ನಾನು ಬಿಲ್ಲು ರಿಪೇರಿ, ಟ್ಯೂನಿಂಗ್ ಕೆಲಸದವನು, ಬೆಂಚಿನ ಮೇಲಿಂದ ಕಾಣುವುದನ್ನು ಹೇಳುತ್ತೇನೆ.

ನಿಜವಾದ ಬದಲಾವಣೆ ಆಗುತ್ತಿರುವುದು ಟ್ಯೂನಿಂಗ್‌ನಲ್ಲಿ, ಅಂದರೆ ಬಾಣ ಓರೆಯಾಗದೆ ನೇರ ಹೋಗುವಂತೆ ಬಿಲ್ಲನ್ನು ಹೊಂದಿಸುವುದರಲ್ಲಿ. ಮೊದಲು ಕಾಗದದ ಮೂಲಕ ಹೊಡೆದಾಗ ಹರಿದ ಗುರುತು ಎಡಕ್ಕೋ ಬಲಕ್ಕೋ ಬಂದರೆ ಬಿಲ್ಲನ್ನು ಪ್ರೆಸ್‌ಗೆ (ಬಿಲ್ಲು ಬಗ್ಗಿಸಿ ಹೆದೆ ಸಡಿಲ ಮಾಡುವ ಯಂತ್ರ) ಹಾಕಬೇಕಿತ್ತು. ಕೇಬಲ್‌ಗೆ ತಿರುವು ಕೊಡಬೇಕು, ಇಲ್ಲವೇ ಆಕ್ಸಲ್ ಬಿಚ್ಚಿ ಕ್ಯಾಮ್ ಪಕ್ಕದ ವಾಷರ್ ಬದಲಿಸಬೇಕು. ಆಮೇಲೆ ಮತ್ತೆ ಜೋಡಿಸಿ, ಮತ್ತೆ ಹೊಡೆದು ನೋಡಬೇಕು. ಮನೆಯಲ್ಲಿ ಪ್ರೆಸ್ ಇಲ್ಲದವರು ಅಂಗಡಿಗೇ ಬರಬೇಕಿತ್ತು. 2020ರಲ್ಲಿ ಬೋಟೆಕ್ ಕಂಪನಿ ಡೆಡ್‌ಲಾಕ್ ಅಂತ ತಂದಿತು. ಸ್ಕ್ರೂ ತಿರುಗಿಸಿದರೆ ಕ್ಯಾಮ್ ತಾನೇ ಆಕ್ಸಲ್ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಎಲೈಟ್ ಕಂಪನಿಯವರು ಲಿಂಬ್ (ಬಿಲ್ಲಿನ ಬಾಗುವ ಭಾಗ) ಕೂರುವ ಜಾಗವನ್ನೇ ಸ್ವಲ್ಪ ಓರೆ ಮಾಡುವ ದಾರಿ ಹಿಡಿದರು. 2025ರಲ್ಲಿ ಮ್ಯಾಥ್ಯೂಸ್ ಕೂಡ ಲಿಫ್ಟ್ ಎಕ್ಸ್‌ನಲ್ಲಿ ಲಿಂಬ್ ಸರಿಸುವ ವ್ಯವಸ್ಥೆ ಕೊಟ್ಟಿತು. ಮೂವರೂ ಬೇರೆ ಬೇರೆ ದಾರಿಯಲ್ಲಿ ಒಂದೇ ಜಾಗಕ್ಕೆ ಬಂದಿದ್ದಾರೆ: ಬಿಲ್ಲಿನ ಯಜಮಾನ ಒಂದು ಅಲೆನ್ ಕೀಲಿಯಲ್ಲಿ ತಾನೇ ಟ್ಯೂನ್ ಮಾಡಿಕೊಳ್ಳಬೇಕು. ನನ್ನ ಹೊಟ್ಟೆ ಮೇಲೆ ಕಲ್ಲು ಅನ್ನಿ, ಆದರೂ ಒಳ್ಳೆಯದೇ. ಮುಂದೆ ಇದು ಕಡಿಮೆ ದರ್ಜೆಯ ಬಿಲ್ಲುಗಳಿಗೂ ಇಳಿಯುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇದು ಯಾಕೆ ದೊಡ್ಡದು ಅಂದರೆ ಬ್ರಾಡ್‌ಹೆಡ್, ಅಂದರೆ ಬೇಟೆಗೆ ಹಾಕುವ ಅಗಲ ಅಲಗಿನ ಮೊನೆ. ಅಭ್ಯಾಸದ ಮೊನೆ ಹಾಕಿದಾಗ ಟ್ಯೂನ್ ಸರಿಯಿಲ್ಲದ ಬಿಲ್ಲೂ ನೇರ ಹೊಡೆದಂತೆ ಕಾಣುತ್ತದೆ. ಅಗಲ ಅಲಗಿನ ಮೊನೆ ಹಾಕಿದ ತಕ್ಷಣ ಮುಂದುಗಡೆಯೂ ಗಾಳಿ ಹಿಡಿಯುತ್ತದೆ, ಸಣ್ಣ ಓರೆಯೂ ದೊಡ್ಡದಾಗಿ ಕಾಣುತ್ತದೆ. ಅಲಗು ಮಡಚಿಕೊಂಡು ಹೋಗಿ ತಗುಲಿದಾಗ ಬಿಚ್ಚುವ ಮೆಕ್ಯಾನಿಕಲ್ ಮೊನೆಗಳು ಅಷ್ಟು ಮಾರಾಟವಾಗಲು ಅರ್ಧ ಕಾರಣ ಜನರ ಬಿಲ್ಲು ಟ್ಯೂನ್ ಆಗಿರಲಿಲ್ಲ ಅನ್ನುವುದೇ ಅಂತ ನನ್ನ ಲೆಕ್ಕ. ಎಲ್ಲರ ಬಿಲ್ಲೂ ಟ್ಯೂನ್ ಆದರೆ ಗಟ್ಟಿ ಅಲಗಿನ ಮೊನೆಗಳು ಮತ್ತೆ ಬರುತ್ತವೆ ನೋಡಿ. ಭಾರದ ಬಾಣದ ಗೀಳೂ ಜೊತೆಗೇ ಇದೆ. ಬೇಟೆ ಬಾಣಗಳ ಅಧ್ಯಯನ ಮಾಡಿದ ಎಡ್ ಆಶ್ಬಿ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಬಾಣ ಎಷ್ಟು ಆಳ ಹೋಗುತ್ತದೆ ಅಂತ ಪರೀಕ್ಷೆ ಮಾಡಿ ದಪ್ಪ ಮೂಳೆಗೆ 650 ಗ್ರೇನ್ ಬೇಕು ಅಂದರು. ಅದನ್ನು ಹಿಡಿದುಕೊಂಡು ಸಣ್ಣ ಜಿಂಕೆಗೂ 650 ಹಾಕುವವರಿದ್ದಾರೆ. ಅಷ್ಟು ಬೇಕಿಲ್ಲ.

ಕಾರ್ಬನ್ ರೈಸರ್ ಬಗ್ಗೆ ಕೇಳಿದ್ದೀರಿ. ಎಲ್ಲವೂ ಕಾರ್ಬನ್ ಆಗುವುದಿಲ್ಲ. ಅಲ್ಯೂಮಿನಿಯಂ ಗಟ್ಟಿಯನ್ನು ಯಂತ್ರಕ್ಕೆ ಕೊಟ್ಟು ಕೊರೆದರೆ ವಿನ್ಯಾಸ ಪ್ರತಿ ವರ್ಷ ಬದಲಿಸಬಹುದು, ಕಾರ್ಬನ್‌ಗೆ ಹೊಸ ಅಚ್ಚೇ ಬೇಕು. ಕಾರ್ಬನ್‌ನ ದೊಡ್ಡ ಸುಖ ಅಂದರೆ ಚಳಿಯಲ್ಲಿ ಕೈ ಕೊರೆಯುವುದಿಲ್ಲ. ತೂಕ ಸ್ವಲ್ಪ ಕಡಿಮೆ ನಿಜ, ಆದರೆ ಸೈಟ್, ಬಾಣ ಕೂರುವ ರೆಸ್ಟ್, ಬತ್ತಳಿಕೆ, ಅಲುಗಾಟ ತಡೆಯುವ ಸ್ಟೆಬಿಲೈಸರ್ ಎಲ್ಲ ಕಟ್ಟಿದ ಮೇಲೆ ಆ ಉಳಿತಾಯ ಎಲ್ಲಿ ಅಂತ ಹುಡುಕಬೇಕು. ತೀರಾ ಹಗುರ ಬಿಲ್ಲು ಗಾಳಿಗೆ ಅಲುಗುತ್ತದೆ ಅಂತ ಮುಂದೆ ತೂಕ ಸೇರಿಸುವವರೂ ಇದ್ದಾರೆ!

ಉದ್ದದ ವಿಷಯದಲ್ಲಿ ಫ್ಯಾಷನ್ ತಿರುಗಿದೆ. ಸ್ವಲ್ಪ ಕಾಲ 28, 30 ಇಂಚಿನ ಗಿಡ್ಡ ಬಿಲ್ಲುಗಳ ಹಿಂದೆ ಎಲ್ಲರೂ ಓಡಿದರು, ಮರದ ಮೇಲಿನ ಅಟ್ಟದಲ್ಲಿ ಕೂರಲು ಅನುಕೂಲ ಅಂತ. ಈಗ 33ರ ಸುತ್ತ ಮತ್ತೆ ಜನ ಬರುತ್ತಿದ್ದಾರೆ, ಗುರಿ ಹಿಡಿದಾಗ ನಡುಗುವುದು ಕಡಿಮೆ ಅಂತ. ನಿಮ್ಮ ಬಿಲ್ಲು ಹಳತಾಗಿ ಹೊಸತಾಗಿದೆ ನೋಡಿ.

ಹಳೇಹೆದೆ:

ಮೇಷ್ಟ್ರೇ, 409ರ ಲೆಕ್ಕ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ, ಥ್ಯಾಂಕ್ಸ್. ಆದರೆ ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಟ್ರಿಗರ್ ಒತ್ತುವ ಅಡ್ಡಬಿಲ್ಲು) 500 ಅಡಿ ಹೊಡೆಯುತ್ತದಲ್ಲ, ಅದು ಹೇಗೆ? ಮತ್ತೆ ಆ ಸೈಟ್ ಬಗ್ಗೆ ಯಾರೂ ಮಾತೇ ಆಡಲಿಲ್ಲ.

ಮಬ್ಬುಬೆಳಕು:

ಕ್ರಾಸ್‌ಬೋಗೆ ಎಳೆತ 200 ಪೌಂಡ್ ದಾಟುತ್ತದೆ, ಹಿಡಿದುಕೊಳ್ಳುವುದು ಕೈ ಅಲ್ಲ, ಕೊಕ್ಕೆ. ಅದಕ್ಕೇ 500. ಅದರ ಲೆಕ್ಕವೇ ಬೇರೆ.

ಸೈಟ್ ಬಗ್ಗೆ ನಾನು ಹೇಳುತ್ತೇನೆ, ಉಪಯೋಗಿಸುವವನು. 2018ರಲ್ಲಿ ಗಾರ್ಮಿನ್ ಝೀರೋ ಎ1 ಬಂತು. ಹಿಡಿಕೆ ಹತ್ತಿರ ಒಂದು ಬಟನ್, ಒತ್ತಿದರೆ ಲೇಸರ್ ದೂರ ಅಳೆಯುತ್ತದೆ. ಮೇಲಿಂದ ಕೆಳಗೆ ಹೊಡೆಯುತ್ತಿದ್ದರೆ ಆ ಕೋನವನ್ನೂ ಲೆಕ್ಕ ಹಾಕುತ್ತದೆ. ಆಮೇಲೆ ಗಾಜಿನಲ್ಲಿ ಆ ದೂರಕ್ಕೆ ಸರಿಯಾದ ಒಂದೇ ಒಂದು ಚುಕ್ಕಿ ಬೆಳಗುತ್ತದೆ. ಎಲ್ಲವೂ ಬಿಲ್ಲು ಎಳೆದು ಹಿಡಿದಿರುವಾಗಲೇ. ಇದಕ್ಕೆ ಮೊದಲು ಏನಿತ್ತು? ರೇಂಜ್‌ಫೈಂಡರ್ ತೆಗೆ, ಅಳೆ, ಜೇಬಿಗೆ ಹಾಕು, ಸೈಟ್‌ನ ಚಕ್ರ ತಿರುಗಿಸು, ಬಿಲ್ಲು ಎಳೆ. ಅಷ್ಟರಲ್ಲಿ ಪ್ರಾಣಿ ಐದು ಗಜ ಮುಂದೆ ಹೋಗಿ ನಿಂತಿರುತ್ತದೆ.

ಆ ಐದು ಗಜ ಸಣ್ಣದಲ್ಲ. ಸೆಕೆಂಡಿಗೆ 280 ಅಡಿಯ ಬಾಣಕ್ಕೆ 20 ಗಜ ಅಂದುಕೊಂಡಿದ್ದು 25 ಆಗಿದ್ದರೆ ಮೂರು ಇಂಚಿಗಿಂತ ಸ್ವಲ್ಪ ಕಡಿಮೆ ಕೆಳಗೆ ಬೀಳುತ್ತದೆ, ಪರವಾಗಿಲ್ಲ. 40 ಅಂದುಕೊಂಡಿದ್ದು 45 ಆದರೆ ಐದು ಇಂಚು. 60ರದ್ದು 65 ಆದರೆ ಏಳು ಇಂಚು. ಗಾಯ ಮಾಡಿ ಕಳೆದುಕೊಳ್ಳುವುದಕ್ಕೂ ಶುದ್ಧವಾದ ಹೊಡೆತಕ್ಕೂ ಇರುವ ಅಂತರ ಅಷ್ಟೇ. ಅದಕ್ಕೇ ನನ್ನ ಪ್ರಕಾರ ಮುಂದಿನ ದೊಡ್ಡ ಜಿಗಿತ ಬಿಲ್ಲಿನದ್ದಲ್ಲ, ಸೈಟ್‌ನದ್ದು. ಈಗಿನವು ದಪ್ಪ, ಭಾರ, ಮಳೆ ಮಂಜಿನಲ್ಲಿ ಲೇಸರ್ ಒದ್ದಾಡುತ್ತದೆ, ಬ್ಯಾಟರಿಯ ಚಿಂತೆ ಬೇರೆ. ಮೊಬೈಲ್ ಕ್ಯಾಮೆರಾ ಹೇಗೆ ಸಣ್ಣದಾಯಿತೋ ಇದೂ ಹಾಗೇ ಆಗುತ್ತದೆ. ಬಿಲ್ಲು ಓರೆ ಹಿಡಿದರೆ ಎಚ್ಚರಿಸುವುದು, ಬಾಣದ ವೇಗವನ್ನು ತಾನೇ ಅಳೆದು ಪಿನ್ ಸರಿಪಡಿಸಿಕೊಳ್ಳುವುದು, ಇವೆಲ್ಲ ಒಂದೇ ಡಬ್ಬಿಯಲ್ಲಿ ಬರಲು ತಾಂತ್ರಿಕವಾಗಿ ಅಡ್ಡಿ ಏನೂ ಇಲ್ಲ. ಸ್ಟೆಬಿಲೈಸರ್ ಜಾಗಕ್ಕೆ ಸಿಕ್ಕಿಸಿ ಕೈ ನಡುಕ ಫೋನಿಗೆ ಕಳಿಸುವ ಮ್ಯಾಂಟಿಸ್‌ನಂಥ ಸೆನ್ಸರ್ ಈಗಲೇ ಇದೆ, ಅಭ್ಯಾಸಕ್ಕೆ ಬಹಳ ಒಳ್ಳೆಯದು.

ಮರದಬಿಲ್ಲು:

ತಾಂತ್ರಿಕವಾಗಿ ಅಡ್ಡಿ ಇಲ್ಲ ಸರಿ. ನಿಯಮದ ಅಡ್ಡಿ ಇದೆ, ಅದನ್ನು ಯಾಕೆ ಬಿಟ್ಟಿರಿ?

ನಾನು ಹೊಡೆಯುವುದು ಗಾಲಿಯಿಲ್ಲದ ಹಳೇ ಕಾಲದ ಲಾಂಗ್‌ಬೋ, ಹಾಗಾಗಿ ಪಕ್ಷಪಾತ ಇದೆ ಅಂತಲೇ ಇಟ್ಟುಕೊಳ್ಳಿ. ಆದರೆ ಬಿಲ್ಲುಬೇಟೆಗೆ ಬೇರೆ ಋತು ಯಾಕೆ ಕೊಟ್ಟಿದ್ದಾರೆ ಅಂತ ಯೋಚಿಸಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1934ರಲ್ಲಿ ಜಿಂಕೆಗೆ ಮೊದಲ ಬಿಲ್ಲಿನ ಋತು ತೆರೆದರು. ಅಲ್ಲಿಂದ ಒಂದೊಂದೇ ರಾಜ್ಯ ಹಿಂಬಾಲಿಸಿತು. ಬಿಲ್ಲಿನ ಋತು ಬಂದೂಕಿನದ್ದಕ್ಕಿಂತ ಉದ್ದ ಇರುವುದು ಯಾಕೆ ಅಂದರೆ ಬಿಲ್ಲು ಹಿಡಿದವನಿಗೆ ಸಿಗುವುದು ಕಡಿಮೆ. ಹತ್ತಿರ ಹೋಗಬೇಕು, ಹೋದವರಲ್ಲಿ ಹೆಚ್ಚಿನವರು ಬರಿಗೈಲಿ ಬರುತ್ತಾರೆ. ನೀವು ಬಿಲ್ಲಿನ ಮೇಲೆ ಒಂದೊಂದೇ ಯಂತ್ರ ಕೂರಿಸಿ 80 ಗಜವನ್ನು ಸುಲಭ ಮಾಡಿದರೆ, ಸಿಗುವ ಪ್ರಾಣಿ ಜಾಸ್ತಿ ಆಗುತ್ತದೆ, ಆಗ ಇಲಾಖೆಯವರು ಋತು ಮೊಟಕು ಮಾಡುತ್ತಾರೆ ಇಲ್ಲವೇ ಪರ್ಮಿಟ್ ಕಡಿಮೆ ಕೊಡುತ್ತಾರೆ. ಆ ಕೈಯಲ್ಲಿ ಕೊಟ್ಟು ಈ ಕೈಯಲ್ಲಿ ಕಿತ್ತುಕೊಂಡಂತೆ.

ಅದಕ್ಕೇ ಹಲವು ರಾಜ್ಯಗಳಲ್ಲಿ ಬಿಲ್ಲಿಗೆ ಅಂಟಿಸಿದ ಎಲೆಕ್ಟ್ರಾನಿಕ್ ಸಾಧನಕ್ಕೆ ನಿಷೇಧ ಅಥವಾ ಮಿತಿ ಇರುವುದು. 1961ರಲ್ಲಿ ಶುರುವಾದ ಪೋಪ್ ಅಂಡ್ ಯಂಗ್ ಕ್ಲಬ್ ಬಿಲ್ಲುಬೇಟೆಯ ದಾಖಲೆ ಇಡುವ ಸಂಸ್ಥೆ. ಅವರು ಬೆಳಗುವ ನಾಕ್ (ಬಾಣದ ಹಿಂತುದಿ, ಹೆದೆಗೆ ಸಿಕ್ಕಿಸುವ ಭಾಗ) ಒಪ್ಪಿಕೊಂಡರು, ದೂರ ಅಳೆಯುವ ಸೈಟನ್ನು ಬಿಲ್ಲಿನ ಮೇಲೆ ಒಪ್ಪಲಿಲ್ಲ. ಬೆಳಗುವ ನಾಕ್ ಬಾಣ ಎಲ್ಲಿ ತಗುಲಿತು ಅಂತ ತೋರಿಸುತ್ತದೆ, ಹೊಡೆಯಲು ಸಹಾಯ ಮಾಡುವುದಿಲ್ಲ. ಗೆರೆ ಎಳೆದಿರುವುದು ಅಲ್ಲಿ. ನನಗೆ ಅದು ಸರಿಯಾದ ಜಾಗ ಅನ್ನಿಸುತ್ತದೆ. ಲೆಟ್-ಆಫ್‌ಗೂ ಅವರು ಹಿಂದೆ 65 ಪರ್ಸೆಂಟ್ ಮಿತಿ ಇಟ್ಟಿದ್ದರು. ಆಮೇಲೆ ಅದಕ್ಕಿಂತ ಹೆಚ್ಚಿನದನ್ನು ನಕ್ಷತ್ರದ ಗುರುತು ಹಾಕಿ ಸೇರಿಸಿಕೊಂಡರು.

ಕಂಪನಿಗಳು ಎಲ್ಲಿವರೆಗೆ ಹೋಗುತ್ತವೆ ಅನ್ನುವುದಕ್ಕೆ 2016ರ ಏರ್‌ಬೋ ನೋಡಿ. ಬೆಂಜಮಿನ್ ಹೆಸರಿನಲ್ಲಿ ಬಂದದ್ದು. 3000 ಪಿಎಸ್ಐ ಒತ್ತಡದ ಗಾಳಿ ತುಂಬಿದ ಕೊಳವೆ, ಟ್ರಿಗರ್ ಒತ್ತಿದರೆ 375 ಗ್ರೇನ್ ಬಾಣ 450 ಅಡಿ ವೇಗದಲ್ಲಿ ಹೊರಡುತ್ತದೆ. ಹೆದೆ ಇಲ್ಲ, ಬಾಗುವ ಕಟ್ಟಿಗೆ ಇಲ್ಲ, ಎಳೆಯುವುದೂ ಇಲ್ಲ. ಹೆಸರಲ್ಲಿ ಮಾತ್ರ ಬೋ! ಇನ್ನೊಂದು ಕಡೆ ಬ್ರಿಟನ್‌ನಲ್ಲಿ ಬಿಲ್ಲುಬೇಟೆಯೇ ಕಾನೂನುಬಾಹಿರ, ಪಕ್ಕದ ಫ್ರಾನ್ಸ್ 1995ರಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಿತು. ಒಂದೇ ಆಯುಧವನ್ನು ಒಬ್ಬರು ಕ್ರೌರ್ಯ ಅನ್ನುತ್ತಾರೆ, ಇನ್ನೊಬ್ಬರು ಕೌಶಲ ಅನ್ನುತ್ತಾರೆ. ಮುಂದಿನ ಬಿಲ್ಲು ಹೇಗಿರುತ್ತದೆ ಅನ್ನುವುದನ್ನು ಎಂಜಿನಿಯರ್‌ಗಿಂತ ಜಾಸ್ತಿ ಈ ಜಗಳ ತೀರ್ಮಾನ ಮಾಡುತ್ತದೆ.

ಮಬ್ಬುಬೆಳಕು:

ಗುರುಗಳೇ, ಇದೇ ಮಾತನ್ನು ಕಾಂಪೌಂಡ್ ಬಂದಾಗಲೂ ಹೇಳಿದ್ದರು. ಹಾಲೆಸ್ ಆಲನ್ ಗಾಲಿ ಕಟ್ಟಿದ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಸಿಕ್ಕಾಗ "ಇದು ಬಿಲ್ಲೇ ಅಲ್ಲ, ಯಂತ್ರ" ಅಂದವರು ಬೇಕಾದಷ್ಟು ಜನ. ಈಗ ಅದೇ ಮಾಮೂಲಿ ಬೇಟೆಬಿಲ್ಲು. ಕ್ರಾಸ್‌ಬೋಗೂ ಹಾಗೇ ಆಯಿತು, ಕಳೆದ ಇಪ್ಪತ್ತು ವರ್ಷದಲ್ಲಿ ಎಷ್ಟೋ ರಾಜ್ಯಗಳು ಬಿಲ್ಲಿನ ಋತುವಿನಲ್ಲೇ ಬಿಟ್ಟುಕೊಂಡವು. ಸೈಟ್‌ಗೂ ಬಿಡುತ್ತಾರೆ. ಗಾಯಗೊಂಡು ತಪ್ಪಿಸಿಕೊಳ್ಳುವ ಪ್ರಾಣಿ ಕಡಿಮೆ ಆಗುತ್ತದೆ ಅಂದರೆ ಬೇಡ ಅನ್ನಲು ಕಾರಣ ಏನು?

ಲೆಕ್ಕದಮೇಷ್ಟ್ರು:

ಕಡಿಮೆ ಆಗುತ್ತದೆ ಅನ್ನುವುದೇ ನನಗೆ ಖಾತ್ರಿಯಿಲ್ಲ. ಸೈಟ್ ಸರಿಪಡಿಸುವುದು ದೂರದ ತಪ್ಪನ್ನು. ಸಮಯವನ್ನಲ್ಲ.

60 ಗಜಕ್ಕೆ 280 ಅಡಿಯ ಬಾಣ ತಲುಪಲು 0.64 ಸೆಕೆಂಡ್ ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಮುಗಿಯಿತು. ಸೈಟ್ ಎಷ್ಟೇ ನಿಖರವಾಗಿದ್ದರೂ ಬಾಣ ತಪ್ಪು ಜಾಗಕ್ಕೆ ನಿಖರವಾಗಿ ಹೋಗುತ್ತದೆ. ಚುಕ್ಕಿ ಬೆಳಗಿತು ಅನ್ನುವ ಧೈರ್ಯಕ್ಕೆ 35 ಗಜದಲ್ಲಿ ನಿಲ್ಲಬೇಕಾದವನು 60ಕ್ಕೆ ಹೊಡೆದರೆ ಗಾಯ ಜಾಸ್ತಿಯೇ ಆಗಬಹುದು.

ಸದ್ದಿನ ಲೆಕ್ಕವೂ ಇದೆ. ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಹೋಗುತ್ತದೆ. 40 ಗಜ ಅಂದರೆ 120 ಅಡಿ. ಹೆದೆಯ ಸದ್ದು ಜಿಂಕೆಯ ಕಿವಿಗೆ 0.11 ಸೆಕೆಂಡಿನಲ್ಲಿ ಮುಟ್ಟುತ್ತದೆ, 300 ಅಡಿಯ ಬಾಣ 0.40 ಸೆಕೆಂಡಿಗೆ. ನಡುವೆ 0.29 ಸೆಕೆಂಡ್ ಜಿಂಕೆಗೆ ಬಿಡುವು ಸಿಗುತ್ತದೆ. ಬೆದರಿದ ಜಿಂಕೆ ಮೊದಲು ಕಾಲು ಕುಗ್ಗಿಸಿ ಕೆಳಗೆ ಇಳಿಯುತ್ತದೆ, ಆಮೇಲೆ ಜಿಗಿಯುತ್ತದೆ. ಬಾಣ ಬೆನ್ನ ಮೇಲೆ ಹೋಗುವುದು ಹಾಗೆ. ಈಗ ವೇಗವನ್ನು 340ಕ್ಕೆ ಏರಿಸಿ, ಬಿಡುವು 0.25ಕ್ಕೆ ಇಳಿಯುತ್ತದೆ. ಅಷ್ಟೆಲ್ಲ ಒದ್ದಾಡಿ ಉಳಿಸಿದ್ದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ. ಅದೇ ಬಿಲ್ಲಿನ ಸದ್ದು ಜಿಂಕೆ ಗಮನಿಸದಷ್ಟು ಕಡಿಮೆ ಆದರೆ ಬಿಡುವಿನ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ನಾನು ಕಂಪನಿಯ ಎಂಜಿನಿಯರ್ ಆಗಿದ್ದರೆ ಉಳಿದಿರುವ ಎಲ್ಲ ಬುದ್ಧಿಯನ್ನೂ ಸದ್ದಿಗೇ ಹಾಕುತ್ತಿದ್ದೆ. ಬಾಣ ಭಾರ ಆದಷ್ಟೂ ಬಿಲ್ಲಿನ ಶಕ್ತಿ ಬಾಣಕ್ಕೇ ಹೆಚ್ಚು ಹೋಗುತ್ತದೆ, ನಡುಕವಾಗಿ ಸದ್ದಾಗಿ ಉಳಿಯುವುದು ಕಡಿಮೆ. ಭಾರದ ಬಾಣದ ಬಗ್ಗೆ ಕ್ಯಾಮ್‌ಕೀಲಿಯವರು ಸ್ವಲ್ಪ ತಮಾಷೆ ಮಾಡಿದರು, ಆದರೆ ಅದರ ದೊಡ್ಡ ಲಾಭ ಇದು.

ದಾರಿಹೋಕ:

ಒಟ್ಟಿನಲ್ಲಿ ಕಂಪನಿಗಳು ವೇಗ ಮಾರುತ್ತವೆ ಯಾಕಂದ್ರೆ ವೇಗಕ್ಕೆ ಅಂಕಿ ಇದೆ, ಮೌನಕ್ಕೆ ಪೋಸ್ಟರ್ ಮೇಲೆ ಹಾಕಲು ಅಂಕಿ ಇಲ್ಲ. 😀

ಕ್ಯಾಮ್‌ಕೀಲಿ:

ದಾರಿಹೋಕರು ಒಂದೇ ಸಾಲಿನಲ್ಲಿ ಹೇಳಿಬಿಟ್ಟರು. ಒಂದಕ್ಕೊಂದು ಸಮಾನಾಂತರವಾಗಿ ಅಡ್ಡಲಾಗಿ ನಿಲ್ಲುವ ಲಿಂಬ್‌ಗಳು ಬಂದ ಮೇಲೆ ನಡುಕ ಎಷ್ಟೋ ಕಡಿಮೆಯಾಯಿತು, ಯಾಕಂದ್ರೆ ಹೆದೆ ಬಿಟ್ಟಾಗ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಹೋಗಿ ಒಂದರ ಏಟನ್ನು ಇನ್ನೊಂದು ತಿನ್ನುತ್ತದೆ. ಅಲ್ಲಿ ಇನ್ನು ಹಿಂಡಲು ಹೆಚ್ಚು ಉಳಿದಿಲ್ಲ. ಈಗ ಸದ್ದು ಬರುವುದು ಬಹುಪಾಲು ಮೇಲೆ ಕಟ್ಟಿದ ಸಾಮಾನಿನಿಂದ. ಸಡಿಲ ಬತ್ತಳಿಕೆ, ಉದ್ದ ಸ್ಕ್ರೂನಲ್ಲಿ ನೇತಾಡುವ ಸೈಟ್, ರೆಸ್ಟ್. ಕ್ಯೂಎಡಿ ಕಂಪನಿಯವರ ರೆಸ್ಟ್ ಈಗ ರೈಸರ್‌ನಲ್ಲೇ ಕೊರೆದ ಜಾಗಕ್ಕೆ ನೇರ ಕೂರುತ್ತದೆ, ಸೈಟ್‌ಗಳು ಪಿಕಟಿನಿ ಅನ್ನುವ ಹಲ್ಲುಹಲ್ಲಿನ ಹಳಿಯ ಮೇಲೆ ರೈಸರ್‌ನ ಮಧ್ಯಕ್ಕೇ ಬಂದಿವೆ. ಮುಂದೆ ಬತ್ತಳಿಕೆಗೂ ಹೀಗೇ ಆಗುತ್ತದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಅಲ್ಲಿ ಆಗುವ ಹಣದ ಹರಿವಿನಿಂದ ಬೇಟೆಬಿಲ್ಲಿಗೂ ಕೆಲವು ತಂತ್ರ ಇಳಿದು ಬರಬಹುದು, ವಿಶೇಷವಾಗಿ ಹೆದೆ ಮತ್ತು ಬಾಣದಲ್ಲಿ.

ಹಳೇಹೆದೆಯವರೇ, ನಿಮಗೆ ನನ್ನ ಉತ್ತರ: ಕಾಯಬೇಡಿ, ಹೊಸದೂ ತಗೊಳ್ಳಬೇಡಿ. ಹತ್ತು ವರ್ಷದ ಬಿಲ್ಲಿಗೆ ಹೆದೆ ಮತ್ತು ಕೇಬಲ್ ಕೊನೆಯ ಸಲ ಯಾವಾಗ ಬದಲಿಸಿದ್ದು ಅಂತ ನೋಡಿ. ಹೊಸದು ಹಾಕಿಸಿ, ಜೊತೆಗೆ ಎರಡೂ ಕ್ಯಾಮ್ ಒಂದೇ ಕ್ಷಣಕ್ಕೆ ತಿರುಗಿ ನಿಲ್ಲುವಂತೆ ಸಮ ಮಾಡಿಸಿ. ಲಿಂಬ್ ಅಂಚಿಗೆ ಹತ್ತಿ ಸವರಿ ನೋಡಿ, ಎಲ್ಲಾದರೂ ಎಳೆ ಸಿಕ್ಕಿದರೆ ಸೀಳು ಶುರುವಾಗಿದೆ ಅಂತ ಅರ್ಥ, ಆಗ ಆ ಬಿಲ್ಲನ್ನು ಎಳೆಯಲೇಬೇಡಿ. ಏನೂ ಇಲ್ಲದಿದ್ದರೆ ಬಾಣವನ್ನು 450 ಗ್ರೇನ್ ಹತ್ತಿರ ತಂದು, ಬ್ರಾಡ್‌ಹೆಡ್ ಹಾಕಿಯೇ ಟ್ಯೂನ್ ಮಾಡಿಸಿ. ಸ್ಕ್ರೂನಲ್ಲಿ ಟ್ಯೂನ್ ಆಗುವ ವ್ಯವಸ್ಥೆ ಮಧ್ಯಮ ದರ್ಜೆಗೆ ಬಂದ ದಿನ ಬದಲಿಸುವಿರಂತೆ.

ಹಳೇಹೆದೆ:

ಹೆದೆ ತಂದಾಗಿನದ್ದೇ ಇದೆ. ಹತ್ತಿ ಸವರಿ ನೋಡಿದೆ, ಮೇಲಿನ ಲಿಂಬ್‌ನ ಹೊರ ಅಂಚಿನಲ್ಲಿ ಸಣ್ಣ ಎಳೆ ಸಿಕ್ಕಿಕೊಂಡಿತು. ಬರೀ ಬಣ್ಣ ಎದ್ದಿರಬಹುದಾ?

ಕ್ಯಾಮ್‌ಕೀಲಿ:

ಇರಬಹುದು, ಇಲ್ಲದೆಯೂ ಇರಬಹುದು. ಫೋಟೋ ಬೇಡ, ಫೋಟೋದಲ್ಲಿ ಗೊತ್ತಾಗುವುದಿಲ್ಲ. ಪ್ರೆಸ್ ಇರುವವರ ಹತ್ತಿರ ತಗೊಂಡು ಹೋಗಿ, ಅವರು ಭಾರ ಇಳಿಸಿ ನೋಡಲಿ. ಅಲ್ಲಿವರೆಗೆ ಎಳೆಯಬೇಡಿ. ಲಿಂಬ್ ಮಾತ್ರ ಸಿಗುತ್ತದಾ ಅಂತ ತಯಾರಕರನ್ನು ಮೊದಲು ಕೇಳಿ, ಅಷ್ಟು ಹಳೆಯ ಮಾಡೆಲ್‌ಗೆ ಸಿಗದಿದ್ದರೆ ಆಗ ಹೊಸ ಬಿಲ್ಲಿನ ಮಾತು.